ಲೇಬಲ್ ಮೇಲೆ ಬಿದ್ದ ನೆರಳು

ಮೊದಲ ಸೆಮಿಸ್ಟರ್‌ನಲ್ಲಿ ಎಕ್ಸಿಬಿಷನ್ ಡಿಸೈನ್ ಓದ್ತಿರೋ ನಾವು ನಾಲ್ಕು ಜನ ಸೇರಿ ರಟ್ಟಲ್ಲಿ ಒಂದು ಪ್ಯಾನಲ್, ಅಂದ್ರೆ ವಿವರ ಬರೆದ ಹಲಗೆ, ಮಾಡಿದ್ವಿ, ನಿಜವಾದ ಅಳತೆಗೇ, ಅಂದ್ರೆ ಎತ್ತರ, ಅಗಲ, ಅಕ್ಷರದ ಸೈಜು ಎಲ್ಲಾ ನಾಳೆ ಮ್ಯೂಸಿಯಂನಲ್ಲಿ ಹೇಗಿರತ್ತೋ ಹಾಗೇ. ಅದನ್ನ ಕಾರಿಡಾರಲ್ಲಿ ಗೋಡೆಗೆ ನಿಲ್ಲಿಸಿ, ಮೇಲಿಂದ ಒಂದು ಸ್ಪಾಟ್‌ಲೈಟ್ ಬಿಟ್ಟು, ಯಾರಾದ್ರೂ ಬಂದು ಓದ್ಲಿ ಅಂತ ದೂರದಲ್ಲಿ ಕಾಯ್ತಾ ನಿಂತ್ಕೊಂಡ್ವಿ. ಬೇರೆ ಡಿಪಾರ್ಟ್‌ಮೆಂಟಿನ ಒಬ್ಬಳು ಹುಡುಗಿ ಬಂದ್ಲು, ನಿಂತ್ಲು, ಓದೋಕೆ ಅಂತ ಒಂದು ಹೆಜ್ಜೆ ಮುಂದೆ ಬಂದ್ಲು, ಅಷ್ಟೇ, ಅವಳ ತಲೆಯ ನೆರಳು ಸರಿಯಾಗಿ ಎರಡನೇ ಸಾಲಿನ ಮೇಲೆ ಬಿತ್ತು. ಎಡಕ್ಕೆ ವಾಲಿದ್ಲು, ನೆರಳೂ ಎಡಕ್ಕೆ ಬಂತು. ಬಲಕ್ಕೆ ಸರಿದ್ಲು, ಅದೂ ಸರೀತು. ಆಮೇಲೆ ಬ್ಯಾಗ್ ಹೆಗಲಿಗೆ ಏರಿಸ್ಕೊಂಡು ಹೊರಟುಹೋದ್ಲು. ನಮ್ಮದು ಮೂರು ವಾರದ ಕೆಲಸ, ಅವಳು ನಿಂತಿದ್ದು ಹತ್ತು ಸೆಕೆಂಡೂ ಇರ್ಲಿಕ್ಕಿಲ್ಲ.

ಮೇಡಂ ಬೈಲಿಲ್ಲ. ನಮ್ಮ ಸೆಕ್ಷನ್ ಡ್ರಾಯಿಂಗ್, ಅಂದ್ರೆ ಜಾಗವನ್ನ ಮೇಲಿಂದ ಕೆಳಗೆ ಸೀಳಿ ಪಕ್ಕದಿಂದ ನೋಡಿದ ಹಾಗೆ ಬರೆದ ನಕ್ಷೆ, ತರಿಸಿ ಟೇಬಲ್ ಮೇಲೆ ಹರಡಿ "ಇದರಲ್ಲಿ ಓದೋರು ಎಲ್ಲಿ ನಿಂತಿದಾರೆ, ತೋರಿಸಿ" ಅಂದ್ರು. ಲೈಟಿಂದ ಪ್ಯಾನಲ್ಲಿಗೆ ಒಂದು ತ್ರಿಕೋನ ಚೆನ್ನಾಗಿ ಎಳೆದು ಹಳದಿ ಬಣ್ಣ ತುಂಬಿದ್ವಿ, ಆದ್ರೆ ಮನುಷ್ಯನನ್ನ ಬರೆದೇ ಇರ್ಲಿಲ್ಲ. ಪೆನ್ಸಿಲಲ್ಲಿ ಒಂದು ಆಳು ಬರೆದು ನೋಡಿದಾಗ ಲೈಟು ಅವನ ಬೆನ್ನ ಹಿಂದೆ ಇದೆ! ಗೋಡೆ ಮೇಲಿನ ವಸ್ತುವಿಗೆ ಬೆಳಕು ಮೇಲಿಂದ ಕೆಳಕ್ಕೆ ನೇರ ಇಳಿಯೋ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಬೇಕು, ಅದಕ್ಕಿಂತ ಕಡಿದಾದ್ರೆ ಫ್ರೇಮಿನ ನೆರಳು ಚಿತ್ರದ ಮೇಲೆ ಇಳಿಯತ್ತೆ, ಅದಕ್ಕಿಂತ ಜಾಸ್ತಿ ಓರೆ ಆದ್ರೆ ಗಾಜಲ್ಲಿ ಹೊಳಪು ಹೊಡೆಯತ್ತೆ, ಇಲ್ಲಾ ನೋಡೋರ ನೆರಳೇ ಬೀಳತ್ತೆ. ನಮ್ದು 50 ದಾಟಿತ್ತು.

ಇಂಟೀರಿಯರ್ ಆರ್ಕಿಟೆಕ್ಚರ್ ಮತ್ತು ಎಕ್ಸಿಬಿಷನ್ ಡಿಸೈನ್‌ನಲ್ಲಿ ಮಾಸ್ಟರ್ಸ್ ಮಾಡ್ತಿದೀನಿ ಅಂದಾಗಿಂದ ತುಂಬಾ ಜನ ಮೆಸೇಜ್ ಮಾಡಿ ಕೇಳ್ತಾನೇ ಇದಾರೆ, ಅದು ಏನು, ಸೇರಬಹುದಾ, ಏನು ಕಲಿಸ್ತಾರೆ ಅಂತ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡೋ ಬದಲು ಒಂದೇ ಸಲ ಬರೆದಿಡೋಣ ಅಂತ ಇವತ್ತು ಕೂತಿದೀನಿ. ಸ್ವಲ್ಪ ಉದ್ದ ಆಗತ್ತೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡ್ತೀನಿ. ಇಂಟೀರಿಯರ್ ಆರ್ಕಿಟೆಕ್ಚರ್ ಅಂದ್ರೆ ಆಗಲೇ ನಿಂತಿರೋ ಕಟ್ಟಡದ ಒಳಗೆ ಮಾಡೋ ಕೆಲಸ. ಯಾವ ಗೋಡೆ ಭಾರ ಹೊತ್ತಿದೆ, ಯಾವುದನ್ನ ಒಡೀಬಹುದು, ಎಲ್ಲಿ ಕೊರೆದ್ರೆ ಬೆಳಕು ಬರತ್ತೆ, ಹಳೇದನ್ನ ಎಷ್ಟು ಉಳಿಸ್ಬೇಕು, ಹೊಸದು ಹಳೇದಕ್ಕೆ ಎಲ್ಲಿ ತಾಗ್ಬೇಕು, ಇಂಥ ಪ್ರಶ್ನೆಗಳು. ಬಣ್ಣ, ಬಟ್ಟೆ, ಪೀಠೋಪಕರಣ ಎಲ್ಲಾ ಅದರಲ್ಲಿ ಬರತ್ತೆ, ಆದ್ರೆ ಶುರು ಆಗೋದು ಅಲ್ಲಿಂದ ಅಲ್ಲ. ಲಂಡನ್ನಿನ ಟೇಟ್ ಮಾಡರ್ನ್ ಮೊದಲು ಕರೆಂಟ್ ಉತ್ಪಾದನೆ ಮಾಡೋ ಸ್ಥಾವರ, 2000ದಲ್ಲಿ ಮ್ಯೂಸಿಯಂ ಆಯ್ತು, ಟರ್ಬೈನ್ ಇದ್ದ ಹಾಲನ್ನ ತುಂಬಿಸದೆ ಖಾಲಿ ಬಿಟ್ಟಿದ್ದೇ ಅಲ್ಲಿನ ದೊಡ್ಡ ನಿರ್ಧಾರ. ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂ 1900ರಲ್ಲಿ ಕಟ್ಟಿದ ರೈಲ್ವೇ ಸ್ಟೇಷನ್, 1986ರಲ್ಲಿ ಮ್ಯೂಸಿಯಂ ಆಗಿ ತೆರೀತು. ಕೇಪ್ ಟೌನಿನ ಝೈಟ್ಸ್ ಮ್ಯೂಸಿಯಂ ಇನ್ನೂ ಚೆನ್ನಾಗಿದೆ, ಅದು ಧಾನ್ಯ ತುಂಬೋ ಸೈಲೋ, 42 ಕಾಂಕ್ರೀಟ್ ಕೊಳವೆಗಳು ಒಂದಕ್ಕೊಂದು ಅಂಟ್ಕೊಂಡು ನಿಂತಿದ್ವು, ಅದರ ನಡುವೆ ಮೆಕ್ಕೆಜೋಳದ ಕಾಳಿನ ಆಕಾರವನ್ನೇ ದೊಡ್ಡದು ಮಾಡಿ ಕೊರೆದು ಒಂದು ಅಂಗಳ ತೆಗೆದ್ರು, 2017ರಲ್ಲಿ ತೆರೀತು. ಹೊಸದಾಗಿ ಕಟ್ಟಿ ಪಡೆದ ಅಂಗಳ ಅಲ್ಲ ಅದು, ಇದ್ದದ್ದನ್ನ ಕತ್ತರಿಸಿ ಪಡೆದಿದ್ದು.

ಎಕ್ಸಿಬಿಷನ್ ಡಿಸೈನ್, ಅಂದ್ರೆ ವಸ್ತುಗಳನ್ನ ಜನ ನೋಡೋ ಹಾಗೆ, ಓದೋ ಹಾಗೆ ಒಂದು ಜಾಗದಲ್ಲಿ ಜೋಡಿಸೋ ಕೆಲಸ, ಇದರ ಪಕ್ಕದ ಮನೆ. ಕೆಲವು ಕಡೆ ಎರಡೂ ಒಂದೇ ಡಿಪಾರ್ಟ್‌ಮೆಂಟಲ್ಲಿ ಇರತ್ತೆ, ಅಮೆರಿಕದ ಪ್ರಾವಿಡೆನ್ಸಿನ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಇರೋ ಹಾಗೆ. ಲಂಡನ್ನಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ ಇದೇ ತರದ ಕೋರ್ಸಿಗೆ ನರೇಟಿವ್ ಎನ್ವಿರಾನ್‌ಮೆಂಟ್ಸ್ ಅಂತ ಹೆಸರು. ಹೆಸರು ಬೇರೆ ಬೇರೆ ಇದ್ರೂ ಒಳಗಿನ ಹೂರಣ ಹೆಚ್ಚುಕಮ್ಮಿ ಒಂದೇ, ಸಾಮಾನ್ಯವಾಗಿ 2 ವರ್ಷ, ಬೇರೆ ವಿಷಯ ಓದಿ ಬಂದವರಿಗೆ ಕೆಲವು ಕಡೆ ಇನ್ನೊಂದು ವರ್ಷ ಸೇರಿಸ್ತಾರೆ.

ನನಗೆ ಈ ವಿಷಯ ನಿಜವಾಗಿ ಹಿಡಿಸಿದ್ದು ಒಂದು ಕುದುರೆಯಿಂದ. ಇಟಲಿಯ ವೆರೋನಾದಲ್ಲಿ ಕಾಸ್ಟೆಲ್‌ವೆಕ್ಕಿಯೋ ಅಂತ 14ನೇ ಶತಮಾನದ ಕೋಟೆ ಇದೆ, ಅದನ್ನ ಕಾರ್ಲೋ ಸ್ಕಾರ್ಪಾ ಅನ್ನೋ ಆರ್ಕಿಟೆಕ್ಟ್ 1956ರ ಹೊತ್ತಿಗೆ ಕೈಗೆತ್ತಿಕೊಂಡು 1964ರ ತನಕ ಮ್ಯೂಸಿಯಂ ಆಗಿ ತಿದ್ದಿದ್ರು. ಅಲ್ಲಿ ಕಾನ್‌ಗ್ರಾಂಡೆ ಅನ್ನೋ ದೊರೆ ಕುದುರೆ ಮೇಲೆ ಕೂತು ನಗ್ತಾ ಇರೋ ಕಲ್ಲಿನ ಪ್ರತಿಮೆ ಇದೆ. ಅದನ್ನ ಎಲ್ಲಿಡೋದು ಅನ್ನೋದಕ್ಕೆ ಸ್ಕಾರ್ಪಾ ಎಷ್ಟೋ ಡ್ರಾಯಿಂಗ್ ಬರೆದಿದಾರೆ. ಕೊನೆಗೆ ಅವರು ಕೋಟೆಯ ಹಳೇ ಗೋಡೆಗೂ ನೆಪೋಲಿಯನ್ ಕಾಲದಲ್ಲಿ ಸೇರಿಸಿದ ಸೈನಿಕರ ವಸತಿ ಸಾಲಿಗೂ ನಡುವೆ ಇದ್ದ ಒಂದು ಭಾಗವನ್ನೇ ಕೆಡವಿಸಿ, ಆ ಬಿರುಕಿನ ಜಾಗದಲ್ಲಿ, ಗಾಳಿಯಲ್ಲಿ ಚಾಚ್ಕೊಂಡಿರೋ ಕಾಂಕ್ರೀಟ್ ಪೀಠದ ಮೇಲೆ ಕುದುರೆಯನ್ನ ನಿಲ್ಲಿಸಿದ್ರು. ನಮಗೆ ಅದರ ಸೆಕ್ಷನ್ ಮತ್ತೆ ಬರೆಯೋ ಅಸೈನ್‌ಮೆಂಟ್ ಕೊಟ್ಟಿದ್ರು, ನಾನು ಎರಡು ವಾರ ಅದರಲ್ಲೇ ಮುಳುಗಿಹೋಗಿದ್ದೆ. ಬರೀತಾ ಬರೀತಾ ಗೊತ್ತಾಗಿದ್ದು ಏನಂದ್ರೆ ಆ ಕುದುರೆಯನ್ನ ನೀವು ಒಂದು ಸಲ ನೋಡೋದಲ್ಲ. ಕೆಳಗಿನ ಅಂಗಳದಿಂದ ಕತ್ತೆತ್ತಿ ನೋಡ್ತೀರಿ, ಹೊಟ್ಟೆ ಕಾಣತ್ತೆ. ಆಮೇಲೆ ಬೇರೆ ಕೋಣೆಗಳೆಲ್ಲಾ ಸುತ್ತಿ ಅದನ್ನ ಮರೆತಿರೋ ಹೊತ್ತಿಗೆ ಮೇಲಿನ ಸೇತುವೆ ದಾಟುವಾಗ ಪಕ್ಕದಲ್ಲೇ ಬರತ್ತೆ, ಆಗ ಅವನ ಮುಖ ಕಾಣತ್ತೆ, ಆ ನಗು ಕಾಣತ್ತೆ. ನಡಿಗೆಯನ್ನೇ ಸ್ಕಾರ್ಪಾ ಡಿಸೈನ್ ಮಾಡಿದಾರೆ, ಪೀಠ ಅದರಲ್ಲಿ ಒಂದು ಚಿಕ್ಕ ಭಾಗ.

ಇನ್ನೊಂದು ಚಿಕ್ಕ ವಿಷಯ, ಅಲ್ಲಿನ ಹೊಸ ನೆಲ ಹಳೇ ಗೋಡೆಗೆ ತಾಗೋದೇ ಇಲ್ಲ. ಅಂಚಲ್ಲಿ ಒಂದು ಸಂದು ಬಿಟ್ಟಿದಾರೆ. ಕಾಗದದ ಮೇಲೆ ಎರಡು ಗೆರೆ ಅಷ್ಟೇ, ಆದ್ರೆ ಆ ಎರಡು ಗೆರೆ ಎಳೆಯುವಾಗ ನನ್ನ ಕೈ ನಿಂತುಬಿಟ್ಟಿತ್ತು. ನಾನು ಬಂದಿದ್ದು ಈಚೆಗೆ, ನೀನು ಇದ್ದಿದ್ದು ಮೊದಲಿಂದ, ನಿನ್ನ ಮೈಗೆ ಅಂಟ್ಕೊಳಲ್ಲ ಅಂತ ನೆಲ ಗೋಡೆಗೆ ಹೇಳ್ತಿರೋ ಹಾಗೆ. ಅಂಥ ಮರ್ಯಾದೆ ಡ್ರಾಯಿಂಗಲ್ಲಿ ತೋರಿಸಬಹುದು ಅಂತ ನನಗೆ ಅಲ್ಲಿ ತನಕ ಗೊತ್ತೇ ಇರ್ಲಿಲ್ಲ.

ಇದೇ ತರ ಒಂದೇ ವಸ್ತು ಮತ್ತೆ ಮತ್ತೆ ಎದುರಾಗೋದನ್ನ ನಾಜಿಗಳು ಯಹೂದಿಗಳನ್ನ ಕೊಂದ ಇತಿಹಾಸ ಹೇಳೋ ವಾಷಿಂಗ್ಟನ್ನಿನ ಹೋಲೋಕಾಸ್ಟ್ ಮ್ಯೂಸಿಯಂನಲ್ಲೂ ಮಾಡಿದಾರೆ, 1993ರಲ್ಲಿ ತೆರೆದಿದ್ದು, ಎಕ್ಸಿಬಿಷನ್ ಡಿಸೈನ್ ರಾಲ್ಫ್ ಆಪಲ್‌ಬಾಮ್ ಅವರದು. ಲಿಫ್ಟಲ್ಲಿ ಮೇಲಕ್ಕೆ ಹೋಗಿ ಇಳೀತಾ ಬರಬೇಕು. ಒಂದೇ ಊರಿನ ಜನರ ಸುಮಾರು ಸಾವಿರ ಫೋಟೋಗಳ ಗೋಪುರ ಇದೆ, ಮಹಡಿ ಇಳಿದ ಮೇಲೆ ಅದೇ ಗೋಪುರ ಮತ್ತೆ ಸಿಗತ್ತೆ. ಮೊದಲ ಸಲ ನೋಡಿದಾಗ ಅವರು ಮದುವೆ, ಪಿಕ್ನಿಕ್ ಅಂತ ಸಂತೋಷವಾಗಿರೋ ಜನ. ಎರಡನೇ ಸಲ ಸಿಗೋ ಹೊತ್ತಿಗೆ ಆ ಊರಿಗೆ ಏನಾಯ್ತು ಅನ್ನೋದು ನಿಮಗೆ ಗೊತ್ತಿರತ್ತೆ. ಫೋಟೋ ಅದೇ, ನೋಡೋರು ಬದಲಾಗಿರ್ತಾರೆ.

ಈಗ ಬೆಳಕಿನ ವಿಷಯಕ್ಕೆ ಬರ್ತೀನಿ, ಈ ಕೋರ್ಸಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೇ. ಬಟ್ಟೆ, ಹಸ್ತಪ್ರತಿ, ಜಲವರ್ಣ ಚಿತ್ರ ಇಂಥವಕ್ಕೆ 50 ಲಕ್ಸ್ ಬೆಳಕು ಸಾಕು ಅನ್ನೋದು ಮ್ಯೂಸಿಯಂಗಳಲ್ಲಿ ರೂಢಿ, ಲಕ್ಸ್ ಅಂದ್ರೆ ಒಂದು ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳತ್ತೆ ಅನ್ನೋದರ ಅಳತೆ. ತೈಲಚಿತ್ರಕ್ಕೆ 200ರ ಸುತ್ತಮುತ್ತ. 50 ಲಕ್ಸ್ ಅಂದ್ರೆ ಎಷ್ಟು ಅಂತ ಲಕ್ಸ್ ಮೀಟರ್ ಹಿಡ್ಕೊಂಡು ಒಂದು ಕೋಣೆಯಲ್ಲಿ ನಿಂತ ಮೇಲೇ ನನಗೆ ಅಂದಾಜಾಗಿದ್ದು, ಬಿಸಿಲಿಂದ ನೇರ ಒಳಗೆ ಬಂದ್ರೆ ಕತ್ತಲೆ ಅಂತಾನೇ ಅನ್ಸತ್ತೆ, ಯಾಕಂದ್ರೆ ಹೊರಗೆ ನಡು ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಮುಟ್ಟಬಹುದು. ಯಾಕಿಷ್ಟು ಜಿಪುಣತನ ಅಂದ್ರೆ ಬೆಳಕಿಂದ ಆದ ಹಾನಿ ಸೇರ್ತಾನೇ ಹೋಗತ್ತೆ, ವಾಪಸ್ ಬರಲ್ಲ. ಮಾಸಿದ ಬಣ್ಣಕ್ಕೆ ವಿಶ್ರಾಂತಿ ಕೊಟ್ರೆ ಅದು ಮತ್ತೆ ಕೆಂಪಾಗಲ್ಲ. 50 ಲಕ್ಸಲ್ಲಿ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಇಟ್ರೆ 1,20,000 ಲಕ್ಸ್-ಗಂಟೆ ಆಯ್ತು. 100 ಲಕ್ಸ್ ಮಾಡಿದ್ರೆ ಅಷ್ಟೇ ಹಾನಿ ಅರ್ಧ ವರ್ಷಕ್ಕೇ ಮುಗಿದುಹೋಗತ್ತೆ. ಹಾಗಾಗಿ ವಸ್ತುವಿನ ಕಡೆಯಿಂದ ಯೋಚನೆ ಮಾಡಿದ್ರೆ ಅದನ್ನ ಕತ್ತಲೆ ಪೆಟ್ಟಿಗೆಯಲ್ಲಿ ಮುಚ್ಚಿಡೋದೇ ಒಳ್ಳೇದು. ನೋಡೋರ ಕಡೆಯಿಂದ ಯೋಚನೆ ಮಾಡಿದ್ರೆ, 60 ವರ್ಷದವರ ಕಣ್ಣಿನ ಒಳಗೆ 20 ವರ್ಷದವರಿಗೆ ತಲುಪೋ ಬೆಳಕಿನ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ತಲುಪತ್ತೆ. ಅವರಿಗೆ ಕಾಣ್ಬೇಕು. ಅವರೂ ಅಷ್ಟು ದೂರದಿಂದ ಬಂದಿರ್ತಾರೆ.

ನನ್ನ ಪ್ರಕಾರ ಈ ಇಡೀ ಓದು ಇರೋದೇ ಈ ಜಗಳದಲ್ಲಿ. ನಿಮಗೆ ಇಬ್ಬರು ಯಜಮಾನರು. ಒಬ್ಬರಿಗೆ ಕತ್ತಲೆ ಬೇಕು, ಹದವಾದ ಗಾಳಿ ಬೇಕು, ಯಾರೂ ಮುಟ್ಟಬಾರದು. ಇನ್ನೊಬ್ಬರಿಗೆ ಹತ್ತಿರ ಹೋಗ್ಬೇಕು, ಓದ್ಬೇಕು, ಕಾಲು ನೋಯತ್ತೆ, ಮಗು ಅಳ್ತಾ ಇದೆ. ಇಬ್ಬರಲ್ಲಿ ಯಾರೂ ತಪ್ಪಲ್ಲ. ಇಬ್ಬರ ನಡುವೆ ನಿಂತು ಜಾಗ ಹುಡುಕೋದನ್ನ ಕಲಿಸೋದಕ್ಕೇ ಎರಡು ವರ್ಷ ಬೇಕು.

ಇದಕ್ಕೆ ಉದಾಹರಣೆಯಾಗಿ ಒಂದು ಉಣ್ಣೆ ಬಟ್ಟೆಯ ಕಥೆ ಹೇಳಿಬಿಡ್ತೀನಿ. ಎರಡನೇ ಸೆಮಿಸ್ಟರಲ್ಲಿ ಬೆಳ್ಳಿ ಒಡವೆಗೆ ಒಂದು ಶೋಕೇಸ್ ಡಿಸೈನ್ ಮಾಡಿದ್ದೆ, ಒಳಗೆ ಹಾಸೋಕೆ ಕಡು ಹಸಿರಿನ ಉಣ್ಣೆ ಫೆಲ್ಟ್ ಆರಿಸಿದ್ದೆ. ಬೆಳ್ಳಿ ಅದರ ಮೇಲೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಬೇರೆ ಏನನ್ನೂ ಯೋಚನೆ ಮಾಡೋಕೆ ಮನಸ್ಸೇ ಬರ್ಲಿಲ್ಲ. ಪಾಠ ಮಾಡೋಕೆ ಬಂದಿದ್ದ ಒಬ್ಬರು ಕನ್ಸರ್ವೇಟರ್, ಅಂದ್ರೆ ಮ್ಯೂಸಿಯಂ ವಸ್ತುಗಳು ಹಾಳಾಗದ ಹಾಗೆ ಕಾಪಾಡೋರು, ಆ ತುಂಡನ್ನ ಕೈಯಲ್ಲಿ ಹಿಡಿದು ಉಜ್ಜಿ ನೋಡಿ "ಇದನ್ನ ಟೆಸ್ಟಿಗೆ ಹಾಕೋಣ" ಅಂದ್ರು. ಆಡಿ ಟೆಸ್ಟ್ ಅಂತ ಒಂದಿದೆ, ಬ್ರಿಟಿಷ್ ಮ್ಯೂಸಿಯಂನ ಆಂಡ್ರೂ ಆಡಿ 1973ರಲ್ಲಿ ರೂಪಿಸಿದ್ದು. ಗಾಜಿನ ಟ್ಯೂಬ್ ಒಳಗೆ ನೀವು ಬಳಸ್ಬೇಕು ಅಂತಿರೋ ವಸ್ತುವಿನ ಚೂರು, ಜೊತೆಗೆ ಬೆಳ್ಳಿ, ತಾಮ್ರ, ಸೀಸದ ಸಣ್ಣ ತಗಡುಗಳು, ಒಂದು ಚೂರು ನೀರು. ಬಿಗಿಯಾಗಿ ಮುಚ್ಚಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡೋದು. ವರ್ಷಗಟ್ಟಲೆ ಶೋಕೇಸಲ್ಲಿ ನಿಧಾನಕ್ಕೆ ಆಗೋದು ಅಲ್ಲಿ ಒಂದು ತಿಂಗಳಲ್ಲಿ ಕಾಣ್ಸತ್ತೆ. ಪಕ್ಕದಲ್ಲಿ ಆ ಚೂರಿಲ್ಲದೆ ತಗಡು, ನೀರು ಮಾತ್ರ ಇರೋ ಇನ್ನೊಂದು ಟ್ಯೂಬ್, ಹೋಲಿಸೋಕೆ.

28 ದಿನ ಆದ್ಮೇಲೆ ಟ್ಯೂಬ್ ತೆಗೆದ್ರು. ಫೆಲ್ಟ್ ಇಲ್ಲದ ಟ್ಯೂಬಿನ ಬೆಳ್ಳಿ ಇಟ್ಟ ಹಾಗೇ ಇತ್ತು. ನನ್ನ ಫೆಲ್ಟ್ ಜೊತೆ ಇದ್ದ ಬೆಳ್ಳಿ ಅಂಚಿಂದ ಶುರುವಾಗಿ ಹಳದಿ, ಆಮೇಲೆ ಕಂದು, ನಡುವಲ್ಲಿ ಕಪ್ಪು. ಉಣ್ಣೆಯಲ್ಲಿ ಗಂಧಕ ಇರತ್ತೆ, ಅದರ ಆವಿ ಬೆಳ್ಳಿಯನ್ನ ಕಪ್ಪು ಮಾಡತ್ತೆ. ಉಗುರಿನಷ್ಟು ಅಗಲದ ಆ ತಗಡನ್ನ ನಾನು ಈಗಲೂ ಒಂದು ಚಿಕ್ಕ ಜಿಪ್ ಕವರಲ್ಲಿ ಹಾಕಿ ಡ್ರಾಯಿಂಗ್ ಬೋರ್ಡಿಗೆ ಪಿನ್ ಮಾಡಿ ಇಟ್ಕೊಂಡಿದೀನಿ. ಓಕ್ ಮರ ಕೂಡ ಹಾಗೇ, ಅದರಿಂದ ಬರೋ ಹುಳಿ ಆವಿ ಸೀಸವನ್ನ ತಿನ್ನತ್ತೆ. ಮರದ ನಾರನ್ನ ಅಂಟಿನ ಜೊತೆ ಒತ್ತಿ ಮಾಡೋ ಎಂಡಿಎಫ್ ಹಲಗೆಯ ಬಗ್ಗೆ ಕನ್ಸರ್ವೇಟರ್‌ಗಳ ಹತ್ರ ಮಾತೆತ್ತೋಕೇ ಹೋಗ್ಬೇಡಿ. ಕಣ್ಣಿಗೆ ಚೆಂದ ಕಾಣೋದು ವಸ್ತುವಿನ ಪಾಲಿಗೆ ವಿಷ ಆಗಿರಬಹುದು ಅನ್ನೋದು ನನಗೆ ಪುಸ್ತಕದಿಂದ ತಲೆಗೆ ಹೋಗ್ತಿರ್ಲಿಲ್ಲ, ಆ ತಗಡು ನೋಡಿದ ಮೇಲೆ ಹೋಯ್ತು.

ಇನ್ನು ನೋಡೋರ ಮೈ. 1916ರಲ್ಲೇ ಬಾಸ್ಟನ್ನಿನ ಬೆಂಜಮಿನ್ ಗಿಲ್ಮನ್ ಅನ್ನೋರು ಮ್ಯೂಸಿಯಂ ಫಟೀಗ್, ಅಂದ್ರೆ ಮ್ಯೂಸಿಯಂ ನೋಡಿ ಆಗೋ ದಣಿವಿನ ಬಗ್ಗೆ ಬರೆದಿದ್ರು. ಒಬ್ಬ ಮನುಷ್ಯ ಶೋಕೇಸ್‌ಗಳ ಮುಂದೆ ಹೇಗೆಲ್ಲಾ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ತಿರುಚಿ ನೋಡ್ಬೇಕಾಗತ್ತೆ ಅನ್ನೋದನ್ನ ಫೋಟೋ ತೆಗೆಸಿ ತೋರಿಸಿದ್ರು. ನೂರು ವರ್ಷ ದಾಟಿದೆ, ಇವತ್ತಿಗೂ ಆ ಭಂಗಿಗಳನ್ನೆಲ್ಲಾ ಯಾವ ಮ್ಯೂಸಿಯಂಗೆ ಹೋದ್ರೂ ನೋಡಬಹುದು, ಅದು ನನಗೆ ಬೇಜಾರು ತರ್ಸತ್ತೆ. 1935ರಲ್ಲಿ ಆರ್ಥರ್ ಮೆಲ್ಟನ್ ಜನ ಗ್ಯಾಲರಿ ಒಳಗೆ ಬಂದ ತಕ್ಷಣ ಹೆಚ್ಚಾಗಿ ಬಲಕ್ಕೇ ತಿರುಗ್ತಾರೆ ಅಂತ ತೋರಿಸಿದ್ರು. 1998ರಲ್ಲಿ ಬೆವರ್ಲಿ ಸೆರೆಲ್ ನೂರಕ್ಕೂ ಹೆಚ್ಚು ಎಕ್ಸಿಬಿಷನ್‌ಗಳ ಅಧ್ಯಯನ ಪ್ರಕಟಿಸಿದ್ರು, ಹೆಚ್ಚಿನ ಜನ ಒಂದು ಎಕ್ಸಿಬಿಷನ್‌ನಲ್ಲಿ 20 ನಿಮಿಷ ಕೂಡ ಇರಲ್ಲ ಅಂತ ಅದರಲ್ಲಿ ಗೊತ್ತಾಯ್ತು. ವರ್ಷಗಟ್ಟಲೆ ತಯಾರಿ, 20 ನಿಮಿಷದ ಭೇಟಿ. ಇದನ್ನ ಕೇಳಿ ನನ್ನ ಕ್ಲಾಸ್‌ಮೇಟ್ಸ್ ಕೆಲವರು ಸಪ್ಪಗಾದ್ರು, ನನಗೆ ಮಾತ್ರ ಇದರಿಂದ ಒಂಥರಾ ಜವಾಬ್ದಾರಿ ಬಂದ ಹಾಗಾಯ್ತು, ಆ 20 ನಿಮಿಷ ಅವರು ನಮಗೆ ಕೊಟ್ಟಿದ್ದು ಅಲ್ವಾ.

ನಾವೂ ಹೋಗಿ ಎಣಿಸಿದ್ವಿ. ಪ್ಲಾನಿನ ಪ್ರಿಂಟ್ ಇಟ್ಕೊಂಡು ಒಬ್ಬೊಬ್ಬರು ಬಂದಾಗಲೂ ಅವರು ನಡೆದ ದಾರಿಯನ್ನ ಪೆನ್ಸಿಲಲ್ಲಿ ಎಳೆಯೋದು, ನಿಂತ ಕಡೆ ಚುಕ್ಕಿ, ಎಷ್ಟು ಸೆಕೆಂಡು ಅಂತ ಪಕ್ಕದಲ್ಲಿ ಬರೆಯೋದು. ಮೂರು ದಿನ ಮಾಡಿದ್ವಿ. ಎಲ್ಲರ ಹಾಳೆಗಳನ್ನ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದು ನೋಡಿದಾಗ ಒಂದು ಇಡೀ ಮೂಲೆಯಲ್ಲಿ ಗೆರೆಯೇ ಇಲ್ಲ, ಅಚ್ಚ ಬಿಳಿ. ಅಲ್ಲಿ ಕ್ಯುರೇಟರ್‌ಗೆ ತುಂಬಾ ಇಷ್ಟವಾದ ಒಂದು ಮಡಕೆ ಇತ್ತು. ಬಾಗಿಲ ಎಡಕ್ಕೆ, ಒಂದು ಅಡ್ಡ ಗೋಡೆಯ ಹಿಂದೆ. ಯಾರೂ ಹೋಗ್ಲಿಲ್ಲ. ಇನ್ನೊಂದು ಕಡೆ, ಒಂದೇ ಒಂದು ಬೆಂಚ್ ಇದ್ದ ಜಾಗದಲ್ಲಿ ಚುಕ್ಕಿಗಳು ಇರುವೆ ಮುತ್ತಿದ ಹಾಗೆ. ಬೆಂಚ್ ಎದುರಿಗಿದ್ದ ಚಿತ್ರ ಅಷ್ಟೇನೂ ಪ್ರಸಿದ್ಧ ಅಲ್ಲ, ಆದ್ರೆ ಆ ಮೂರು ದಿನ ಅತಿ ಹೆಚ್ಚು ಹೊತ್ತು ಜನ ನೋಡಿದ್ದು ಅದನ್ನೇ. ಅವತ್ತಿಂದ ನನ್ನ ಪ್ಲಾನಲ್ಲಿ ಬೆಂಚ್ ಮೊದಲು ಬರತ್ತೆ.

ಗಾಲಿ ಕುರ್ಚಿಯಲ್ಲಿ ಕೂತು ಒಂದು ಎಕ್ಸಿಬಿಷನ್ ಪೂರ್ತಿ ಸುತ್ತೋ ಕ್ಲಾಸೂ ಇತ್ತು. ಕುರ್ಚಿ ತಿರುಗಿಸೋಕೆ 1.5 ಮೀಟರ್ ವ್ಯಾಸದ ಜಾಗ ಅಂತ ಓದಿ ಬಾಯಿಪಾಠ ಮಾಡೋದು ಸುಲಭ, ಅಂದ್ರೆ ಒಂದು ಬದಿಯಿಂದ ಇನ್ನೊಂದು ಬದಿಗೆ 1.5 ಮೀಟರ್ ಇರೋ ವೃತ್ತ. ಕೂತು ನೋಡಿದಾಗ ಗೊತ್ತಾಗಿದ್ದು ಬೇರೆಯದು, ಮೇಜಿನಂಥ ಶೋಕೇಸಿನ ಗಾಜಲ್ಲಿ ನನಗೆ ಒಳಗಿನ ವಸ್ತು ಕಾಣ್ತಾನೇ ಇರ್ಲಿಲ್ಲ, ಚಾವಣಿಯ ಲೈಟ್‌ಗಳು ಮಾತ್ರ ಸಾಲಾಗಿ ಹೊಳೀತಿದ್ವು. ನಿಂತಿರೋರಿಗೆ ಅಲ್ಲಿ ಏನೂ ತೊಂದರೆ ಇರ್ಲಿಲ್ಲ.

ಹಳೇ ಕಾಲದವರ ಪ್ರಯೋಗಗಳನ್ನ ಓದೋ ಒಂದು ಪೇಪರ್ ಇತ್ತು, ನನಗೆ ತುಂಬಾ ಇಷ್ಟವಾದ ಪೇಪರ್. ಎಲ್ ಲಿಸ್ಸಿಟ್ಸ್‌ಕಿ ಅನ್ನೋ ರಷ್ಯಾದ ಕಲಾವಿದರು 1927-28ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಒಂದು ಕೋಣೆ ಮಾಡಿದ್ರು, ಗೋಡೆ ತುಂಬಾ ತೆಳು ಪಟ್ಟಿಗಳು, ಒಂದು ಬದಿ ಬಿಳಿ ಒಂದು ಬದಿ ಕಪ್ಪು, ನೀವು ನಡೀತಾ ಇದ್ರೆ ಗೋಡೆಯ ಬಣ್ಣವೇ ಬದಲಾಗತ್ತೆ. 1937ರಲ್ಲಿ ನಾಜಿಗಳು ಅದನ್ನ ನಾಶ ಮಾಡಿದ್ರು, ಆಮೇಲೆ ಮತ್ತೆ ಕಟ್ಟಿದಾರೆ. ಫ್ರೆಡ್ರಿಕ್ ಕೀಸ್ಲರ್ ಅನ್ನೋ ಆರ್ಕಿಟೆಕ್ಟ್ 1942ರಲ್ಲಿ ನ್ಯೂಯಾರ್ಕಲ್ಲಿ ಕಲಾ ಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಗ್ಯಾಲರಿಗೆ ಬಾಗಿದ ಗೋಡೆಗಳನ್ನ ಮಾಡಿ, ಚಿತ್ರಗಳ ಫ್ರೇಮ್ ತೆಗೆದು, ಗೋಡೆಯಿಂದ ಚಾಚಿದ ಮರದ ತೋಳುಗಳ ಮೇಲೆ ಕೂರಿಸಿದ್ರು. ಬ್ರೆಜಿಲ್ಲಿನ ಸಾವೊ ಪೌಲೊ ಕಲಾ ಮ್ಯೂಸಿಯಂಗೆ ಲೀನಾ ಬೋ ಬಾರ್ದಿ ಅನ್ನೋ ಆರ್ಕಿಟೆಕ್ಟ್ 1968ರಲ್ಲಿ ಮಾಡಿದ್ದು ಇದೆಲ್ಲಕ್ಕಿಂತ ಧೈರ್ಯದ ಕೆಲಸ. ಕಾಂಕ್ರೀಟ್ ದಿಮ್ಮಿಗೆ ಗಾಜಿನ ಹಲಗೆ ನೆಟ್ಟು ಅದಕ್ಕೆ ಚಿತ್ರ ಕಟ್ಟಿದ್ರು, ದೊಡ್ಡ ಹಾಲಲ್ಲಿ ಗೋಡೆಯೇ ಇಲ್ಲದೆ ಚಿತ್ರಗಳೆಲ್ಲಾ ಜನರ ಹಾಗೆ ನೆಲದ ಮೇಲೆ ನಿಂತಿವೆ. ವಿವರ ಹಿಂಬದಿಯಲ್ಲಿ. ಮೊದಲು ಚಿತ್ರ ನೋಡಿ, ಯಾರದ್ದು ಅಂತ ಆಮೇಲೆ ಓದಿ. 1990ರ ದಶಕದಲ್ಲಿ ಅದನ್ನೆಲ್ಲಾ ತೆಗೆದು ಮಾಮೂಲಿ ಗೋಡೆ ಹಾಕಿದ್ರು, 2015ರಲ್ಲಿ ಗಾಜು ವಾಪಸ್ ಬಂತು. ವಿವರ ಹಿಂದೆ ಇಡೋದರ ಬಗ್ಗೆ ನಮ್ಮ ಕ್ಲಾಸಲ್ಲಿ ದೊಡ್ಡ ವಾದವೇ ನಡೀತು. ಕೋಲು ಹಿಡಿದು ನಡೆಯೋ ಅಜ್ಜಿ ಪ್ರತಿ ಚಿತ್ರಕ್ಕೂ ಸುತ್ತು ಹಾಕ್ಬೇಕಾ ಅಂತ ನನ್ನ ಪ್ರಶ್ನೆ ಆಗಿತ್ತು. ಆದ್ರೂ ನಾನು ಅದರ ಪರವಾಗಿಯೇ ಕೈ ಎತ್ತಿದ್ದೆ, ಹೆಸರು ನೋಡಿ ಚಿತ್ರ ನೋಡೋ ಅಭ್ಯಾಸವನ್ನ ಅದು ಅಷ್ಟು ಸುಲಭವಾಗಿ ಬಿಡಿಸತ್ತೆ.

ಇಂಟರ್ನ್‌ಶಿಪ್ ಬಗ್ಗೆ ಜಾಸ್ತಿ ಬರೆಯಲ್ಲ. ಒಂದು ಆಫೀಸಲ್ಲಿ ಮೂರು ತಿಂಗಳಿದ್ದೆ. ಬರಹ ಕೊನೇ ಗಳಿಗೆಯಲ್ಲಿ ಬಂತು, 60 ಪದ ಇರಬೇಕಾದ ಲೇಬಲ್‌ಗಳು 140 ಪದ ಆಗಿ ಬಂದ್ವು, ಕಡಿಮೆ ಮಾಡೋಕೆ ಟೈಮಿಲ್ಲ ಅಂತ ಅಕ್ಷರದ ಸೈಜು ಇಳಿಸಿ ಪ್ರಿಂಟಿಗೆ ಕಳಿಸಿದ್ರು. ನಾನು ಎರಡು ಸಲ ಹೇಳಿದೆ, ಆಮೇಲೆ ಸುಮ್ಮನಾದೆ. ಓಪನಿಂಗ್ ದಿನ ವಯಸ್ಸಾದವರೊಬ್ಬರು ಕನ್ನಡಕ ಹಣೆಗೆ ಏರಿಸಿ ಮೊಬೈಲ್ ಟಾರ್ಚ್ ಹಾಕಿ ಓದ್ತಾ ಇದ್ರು. ಮೂರನೇ ಸಲವೂ ಹೇಳ್ಬೇಕಿತ್ತು ಅಂತ ಇವತ್ತಿಗೂ ಅನ್ಸತ್ತೆ.

ಸೇರ್ಬೇಕು ಅನ್ನೋರಿಗೆ. ಆರ್ಕಿಟೆಕ್ಚರ್ ಓದಿರಲೇಬೇಕು ಅಂತ ಎಲ್ಲಾ ಕಡೆ ಇಲ್ಲ, ನನ್ನ ಬ್ಯಾಚಲ್ಲಿ ನಾಟಕದ ರಂಗಸಜ್ಜಿಕೆ ಮಾಡ್ತಿದ್ದೋರು, ಇತಿಹಾಸ ಓದಿದೋರು, ಗ್ರಾಫಿಕ್ ಡಿಸೈನರ್ ಎಲ್ಲಾ ಇದ್ರು, ರಂಗಸಜ್ಜಿಕೆಯವನು ಬೆಳಕಿನ ಕ್ಲಾಸಲ್ಲಿ ನಮಗೆಲ್ಲಾ ಪಾಠ ಹೇಳೋ ಮಟ್ಟಕ್ಕಿದ್ದ. ಪೋರ್ಟ್‌ಫೋಲಿಯೋದಲ್ಲಿ ಕಂಪ್ಯೂಟರಲ್ಲಿ ಮಾಡಿದ ಹೊಳೆಯೋ ಚಿತ್ರ (ರೆಂಡರ್) ಹತ್ತು ಹಾಕೋದಕ್ಕಿಂತ ನೀವೇ ಟೇಪ್ ಹಿಡಿದು ಅಳೆದು ಬರೆದ ಒಂದು ಕೋಣೆಯ ಡ್ರಾಯಿಂಗ್ ಹಾಕಿ, ಕೆಟ್ಟುಹೋದ ಒಂದು ಮಾಡೆಲ್ಲಿನ ಫೋಟೋ ಹಾಕಿ ಅದು ಯಾಕೆ ಕೆಡ್ತು ಬರೀರಿ. ಕೈಯಲ್ಲಿ ಮಾಡಿದ್ದು ಏನಾದ್ರೂ ಇರ್ಲಿ, ಹೊಲಿಗೆ ಆದ್ರೂ ಸರಿ. ಸ್ಟೇಟ್‌ಮೆಂಟಲ್ಲಿ ಚಿಕ್ಕಂದಿನಿಂದ ಡಿಸೈನ್ ಅಂದ್ರೆ ಪ್ರಾಣ ಅಂತ ಬರೆಯೋ ಬದಲು ನಿಮ್ಮ ಮನಸ್ಸಲ್ಲಿ ಉಳಿದ ಒಂದೇ ಒಂದು ಕೋಣೆಯನ್ನ ಬಾಗಿಲಿಂದ ಶುರುಮಾಡಿ ವರ್ಣಿಸಿ. ಕಾಲೇಜಿನ ಆರ್ಥಿಕ ಸ್ಥಿತಿಯನ್ನೂ ವಿಚಾರಿಸಿ, ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಲ್ಲಿ ಮ್ಯೂಸಿಯಂ ಎಕ್ಸಿಬಿಷನ್‌ಗೇ ಅಂತ ಒಂದು ಮಾಸ್ಟರ್ಸ್ ಇತ್ತು, 2024ರ ಜೂನ್‌ನಲ್ಲಿ ಒಂದು ವಾರದ ನೋಟಿಸಲ್ಲಿ ಇಡೀ ಯೂನಿವರ್ಸಿಟಿ ಮುಚ್ಚಿಹೋಯ್ತು. ವರ್ಕ್‌ಶಾಪ್ ರಾತ್ರಿ ಎಷ್ಟು ಹೊತ್ತು ತೆಗೆದಿರತ್ತೆ ಅಂತಾನೂ ಕೇಳಿ, ಇದು ಚಿಕ್ಕ ಪ್ರಶ್ನೆ ಅಲ್ಲ, ನಿಮ್ಮ ಅರ್ಧ ಜೀವನ ಅಲ್ಲೇ ಕಳೆಯತ್ತೆ.

ಈಗ ಥೀಸಿಸ್ ನಡೀತಿದೆ. ಬಳಕೆಯಲ್ಲಿಲ್ಲದ ಒಂದು ನೀರಿನ ಪಂಪ್‌ಹೌಸ್, ಅದರೊಳಗೆ ಹಳೇ ಕೈಬರಹದ ಕಾಗದ ಪತ್ರಗಳ ಎಕ್ಸಿಬಿಷನ್. ಪಂಪ್ ಕೂರಿಸಿದ್ದ ಗುಂಡಿ ನೆಲಮಟ್ಟಕ್ಕಿಂತ 3 ಮೀಟರ್ ಕೆಳಗಿದೆ. ಮೊದಲು ಅದನ್ನ ಮುಚ್ಚಿಬಿಡೋಣ ಅಂತಿದ್ದೆ. ಆಮೇಲೆ ಕಾಗದಗಳನ್ನ ಕೆಳಗೇ ಇಡೋಣ, ಅಲ್ಲಿ ಬಿಸಿಲು ಬರಲ್ಲ ಅನ್ನಿಸ್ತು. ಗಾಲಿ ಕುರ್ಚಿ ಇಳೀಬೇಕಾದ್ರೆ 12ಕ್ಕೆ 1ರ ಇಳಿಜಾರು ಬೇಕು, ಅಂದ್ರೆ 3 ಮೀಟರ್ ಇಳಿಯೋಕೆ 36 ಮೀಟರ್ ರ್ಯಾಂಪ್, 9 ಮೀಟರಿಗೊಂದು ಸಮತಟ್ಟು ಜಾಗ. ಇಷ್ಟು ಉದ್ದ ಎಲ್ಲಿ ತರ್ಲಿ ಅಂತ ಎರಡು ವಾರ ಒದ್ದಾಡಿದೆ, ರ್ಯಾಂಪ್ ನನ್ನ ಪ್ಲಾನನ್ನೇ ನುಂಗ್ತಾ ಇತ್ತು. ಒಂದು ರಾತ್ರಿ ಲಕ್ಸ್ ಲೆಕ್ಕ ಬರೀತಿರುವಾಗ ಇದ್ದಕ್ಕಿದ್ದ ಹಾಗೆ ಹೊಳೀತು, ಕಣ್ಣು ಕತ್ತಲೆಗೆ ಒಗ್ಗೋಕೆ ಟೈಮ್ ಬೇಕು, ಆ ಟೈಮೇ ಈ ರ್ಯಾಂಪ್! ನಾಲ್ಕು ಇಳಿಜಾರು, ಒಂದೊಂದು ಇಳಿಜಾರಿಗೂ ಬೆಳಕು ಸ್ವಲ್ಪ ಸ್ವಲ್ಪ ತಗ್ಗಿಸ್ತಾ ಹೋಗೋದು, ಮೇಲೆ 300 ಲಕ್ಸ್, ಕೆಳಗೆ ಮುಟ್ಟೋ ಹೊತ್ತಿಗೆ 50. ನಡುವಿನ ಸಮತಟ್ಟಲ್ಲಿ ಬೆಂಚ್. ನಡೆಯೋರೂ ಕುರ್ಚಿಯಲ್ಲಿ ಬರೋರೂ ಅದೇ ದಾರಿ. ಕೆಳಗೆ ಹೋಗೋ ಅಷ್ಟರಲ್ಲಿ ಆ 50 ಲಕ್ಸ್ ಕತ್ತಲೆ ಅನ್ನಿಸಲ್ಲ. ಮಧ್ಯರಾತ್ರಿ ಸ್ಟುಡಿಯೋದಲ್ಲಿ ಒಬ್ಬನೇ ಎದ್ದು ನಿಂತು ಓಡಾಡಿದೆ.

ಕಾಗದಗಳು ಡ್ರಾಯರ್ ಒಳಗೆ. ಎಳೆದಾಗ ಮಾತ್ರ ಬೆಳಕು, ಮುಚ್ಚಿದ್ರೆ ಕತ್ತಲೆ, ಲಕ್ಸ್-ಗಂಟೆ ಉಳಿಯತ್ತೆ. ಹೋದ ವಾರ ಒಂದು ಡ್ರಾಯರನ್ನ ಪೂರ್ತಿ ಅಳತೆಗೆ ಮಾಡಿ ಅದೇ ಕಾರಿಡಾರಲ್ಲಿ ಇಟ್ಟೆ, ಲೈಟು ಈ ಸಲ ಡ್ರಾಯರ್ ಅಂಚಿನ ಒಳಗೇ ಇದೆ, ಓದೋರ ಮುಂದೆ. ಸಂಜೆ ಕ್ಲೀನಿಂಗ್ ಮಾಡೋಕೆ ಬರೋ ಮೇಡಂ ಒಬ್ಬರು ಬಕೆಟ್ ಕೆಳಗಿಟ್ಟು "ಇದು ತೆಗೀಬಹುದಾ" ಅಂತ ಕೇಳಿದ್ರು. ತೆಗೀರಿ ಅಂದೆ. ಎಳೆದ್ರು, ಬಗ್ಗಿದ್ರು, ನೆರಳು ಬೀಳ್ಲಿಲ್ಲ. ನಾನು ಪ್ರಾಕ್ಟೀಸಿಗೆ ಅಂತ ಹಾಕಿದ್ದ ಕಾಗದ ಅದು, ಪೂರ್ತಿ ಓದಿದ್ರು, ತುಟಿ ಅಲ್ಲಾಡ್ತಿತ್ತು. ಆಮೇಲೆ ಮೆಲ್ಲಗೆ ತಳ್ಳಿದ್ರು, ಆದ್ರೆ ಕೊನೆಯ ಎರಡು ಇಂಚಲ್ಲಿ ಸ್ಲೈಡ್ ತಾನೇ ಎಳ್ಕೊಂಡು ಧಡ್ ಅಂತ ಬಡೀತು. ಒಳಗಿನ ಕಾಗದ ಒಂದು ಬೆರಳಷ್ಟು ಜಾರಿ ಮುಂದೆ ಬಂದಿತ್ತು. ಹಳೇ ಕಾಗದಕ್ಕೆ ದಿನಕ್ಕೆ ಇನ್ನೂರು ಸಲ ಹಾಗೆ ಬಡಿದ್ರೆ ಏನಾಗತ್ತೆ ಅಂತ ಯೋಚನೆ ಮಾಡಿ ಇವತ್ತು ಬೆಳಗ್ಗೆಯಿಂದ ನಿಧಾನಕ್ಕೆ ಮುಚ್ಚೋ ಸ್ಲೈಡ್‌ಗಳನ್ನ ಒಂದೊಂದಾಗಿ ಹಾಕಿ ನೋಡ್ತಾ ಇದೀನಿ, ಮೂರನೇದು ಪರವಾಗಿಲ್ಲ ಅನ್ನಿಸ್ತಿದೆ, ನಾಳೆ ಸಂಜೆ ಅವರು ಬಂದಾಗ ಮತ್ತೆ ಎಳೆದು ನೋಡಿ ಅಂತ ಕೇಳ್ಬೇಕು.